ಗಿರಿಜಕ್ಕ ಆರಿಸಿದ ಬಣ್ಣ

ಮೊನ್ನೆ ಪಕ್ಕದ ಮನೆಯವರು ಹಳೆಯ ಕಪಾಟಿಗೆ ಹೊಸ ಬಣ್ಣ ಹೊಡೆಸುತ್ತಿದ್ದರು. ಜಲನಗರದ ಈ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡೇ ಇವೆ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತೇವೆ. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕಿಟಕಿಯಿಂದ ಥಿನ್ನರಿನ ವಾಸನೆ ಒಳಗೆ ಬಂತು. ಹಣ್ಣಾಗಿ ಕಪ್ಪು ತಿರುಗಿದ ಬಾಳೆಹಣ್ಣನ್ನು ಡಬ್ಬಿಯಲ್ಲಿಟ್ಟು ಮರೆತು, ಎರಡು ದಿನದ ಮೇಲೆ ಮುಚ್ಚಳ ತೆಗೆದರೆ ಬರುತ್ತದಲ್ಲ, ಅಂಥ ವಾಸನೆ. ಅದರ ಬೆನ್ನಿಗೇ ಮೂಗಿನ ಮೇಲ್ಗಡೆ ಚುರುಕ್ ಎನ್ನುವ ಇನ್ನೊಂದು. ಮಗಳು ಬಂದು ಕಿಟಕಿ ಮುಚ್ಚಿದಳು, ಅವಳಿಗೆ ಅದರಿಂದ ತಲೆ ನೋಯುತ್ತದೆ. ನನಗೆ ಆ ವಾಸನೆ ಬಂದರೆ ನಮ್ಮ ಹಳೆಯ ಮನೆ ಬರುತ್ತದೆ, ಪಡಸಾಲೆಯ ತುಂಬ ಹರಡಿದ, ಹತ್ತರಿ ಹೊಡೆದ ಕಟ್ಟಿಗೆಯ ಸಿಪ್ಪೆ ಬರುತ್ತದೆ, ಅದರ ನಡುವೆ ಕಾಲು ಮಡಚಿ ಕುಳಿತ ಗಿರಿಜಕ್ಕ ಬರುತ್ತಾಳೆ. ಹಿಟ್ಟು ಪರಾತದಲ್ಲೇ ಒಣಗುವವರೆಗೆ ಸುಮ್ಮನೆ ನಿಂತುಬಿಟ್ಟಿದ್ದೆ.

ನಮ್ಮದು ಬಡಿಗರ ಮನೆ. ಆಗ ಊರಿಗೆ ವಿಜಾಪುರ ಎಂದೇ ಅನ್ನುತ್ತಿದ್ದೆವು. ಕೋಟೆ ಗೋಡೆಯ ಒಳಗಿನ ಒಂದು ಕಿರುಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಮುಂದಿನ ಉದ್ದ ಪಡಸಾಲೆಯೆಲ್ಲ ಕೆಲಸಕ್ಕೆ, ಹಿಂದಿನ ಎರಡು ಕೋಣೆ ನಮಗೆ. ಅಪ್ಪ ಬಾಗಿಲು, ಚೌಕಟ್ಟು, ಚಕ್ಕಡಿಯ ಗಾಲಿ ಇಂಥ ಬಿರುಸಿನ ಕೆಲಸ ಮಾಡುತ್ತಿದ್ದ. ಅವನ ತಮ್ಮ ಕಾಳಪ್ಪ ಕಾಕಾನದು ನಾಜೂಕಿನ ಕೈ: ತೊಟ್ಟಿಲು, ಹಾರ್ಮೋನಿಯಮ್ಮಿನ ಪೆಟ್ಟಿಗೆ, ಜೋಕಾಲಿಯ ಮಣೆ. ಕಾಕಾ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಪ್ಪನ ಮಾತೇ ಮಾತು, ಆದರೆ ನಾವಿಬ್ಬರು ಹೆಣ್ಣುಮಕ್ಕಳು ಏನು ಬೇಕಾದರೂ ಹೋಗಿ ಕೇಳುತ್ತಿದ್ದುದು ಕಾಕಾನನ್ನೇ. ಬೆಳಗಾದರೆ ಒಂದು ಒಲೆಯ ಮೇಲೆ ಅವ್ವನ ಚಹಾ, ಇನ್ನೊಂದು ಒಲೆಯ ಮೇಲೆ ಕಾಕಾನ ಅಂಟು ಕುದಿಯುತ್ತಿದ್ದವು. ಚರ್ಮ, ಎಲುಬು ಕುದಿಸಿ ಮಾಡಿದ ಆ ಅಂಟಿನ ನಾತಕ್ಕೆ ಹೊಸಬರು ಸೆರಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಇಲ್ಲದಿದ್ದರೆ ಬೆಳಗಾದಂತೆಯೇ ಅನ್ನಿಸುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಜ್ಜನ ಕಾಲದಿಂದ ಬಂದದ್ದಂತೆ. ಯಾವುದೇ ವಸ್ತುವಿಗೆ ಬಣ್ಣವನ್ನೋ ಪಾಲಿಶನ್ನೋ ಕೊಡುವ ಮೊದಲು, ಅದೇ ಕಟ್ಟಿಗೆಯ ಉಳಿದ ತುಂಡುಗಳ ಮೇಲೆ ಮೂರು ನಾಲ್ಕು ಥರ ಬಣ್ಣ ಹಚ್ಚಿ ಮಾಡಿಸುವವರ ಮುಂದೆ ಇಡಬೇಕು. ಅವರು ಒಂದನ್ನು ಆರಿಸಿ, ದೀಪದ ಕಾಡಿಗೆಯಲ್ಲಿ ಹೆಬ್ಬೆರಳು ಅದ್ದಿ ಆ ತುಂಡಿನ ಬೆನ್ನಿಗೆ ಒತ್ತಬೇಕು. ಓದು ಬಂದವರೂ ಅಷ್ಟೇ, ಬಾರದವರೂ ಅಷ್ಟೇ. ಕೆಲಸ ಮುಗಿಯುವವರೆಗೆ ಆ ತುಂಡು ಮೊಳೆಗೆ ತೂಗುತ್ತಿತ್ತು. ಯಾರ ಹೆಬ್ಬೆಟ್ಟು ತುಂಡಿನ ಮೇಲಿದೆಯೋ ವಸ್ತು ಅವರದು. ಆಮೇಲೆ ಯಾರು ಬಂದು ಎಷ್ಟು ಕೇಳಿದರೂ ಅದು ಅತ್ತಿತ್ತ ಆಗುತ್ತಿರಲಿಲ್ಲ. ಗೋಡೆಗೆ ತೂಗುವ ಹೆಬ್ಬೆಟ್ಟುಗಳನ್ನು ನೋಡುತ್ತ ಬೆಳೆದವಳು ನಾನು. ದಪ್ಪನೆಯವು, ಬಿರುಕು ಬಿಟ್ಟವು, ಬಳೆಗಾರ್ತಿಯ ಸಪೂರವಾದದ್ದು, ಎಲ್ಲವೂ ಗುರುತು ಸಿಗುತ್ತಿದ್ದವು.

ಗಿಟಾರು ನಮ್ಮ ಮನೆಗೆ ಬಂದದ್ದು ಮುರಿದುಕೊಂಡು. ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬರು ಪುಣೆಯ ಕಡೆಯಿಂದ ಬರುವಾಗ ಬಸ್ಸಿನ ಮೇಲಿನಿಂದ ಬೀಳಿಸಿ, ಕುತ್ತಿಗೆ ಸೀಳಿದ್ದನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ತಂದರು. ಕಾಕಾ ಅಂಥದ್ದನ್ನು ಅದೇ ಮೊದಲು ನೋಡಿದ್ದು. ಎರಡು ತಿಂಗಳು ಅದು ನಮ್ಮಲ್ಲೇ ಉಳಿಯಿತು. ರಿಪೇರಿಯಾದ ಮೇಲೆ ತಂತಿ ಕಟ್ಟಿ ಪರೀಕ್ಷೆ ಮಾಡಬೇಕಲ್ಲ, ಆ ಕೆಲಸ ಗಿರಿಜಕ್ಕನ ಪಾಲಿಗೆ ಬಂತು. ಅವಳಿಗೆ ಆಗ ಹದಿನೇಳು, ಕಾಲೇಜಿನ ಮೊದಲ ವರ್ಷ, ನನಗೆ ಹತ್ತು. ಆ ಮೇಷ್ಟ್ರು ಬಂದಾಗ ನಾಲ್ಕು ಹಿಡಿತ ತೋರಿಸಿ ಹೋದರು. ಹದಿನೈದು ದಿನದಲ್ಲಿ ಅಕ್ಕ ರೇಡಿಯೋದಲ್ಲಿ ಬಂದ ಹಾಡನ್ನೆಲ್ಲ ಅದರ ಮೇಲೆ ಹುಡುಕಿ ಹುಡುಕಿ ಹಿಡಿಯತೊಡಗಿದಳು. ಎಡಗೈಯ ಬೆರಳ ತುದಿ ಗಟ್ಟಿಯಾಗಿ, ರೊಟ್ಟಿ ಹಂಚಿನಿಂದ ಎತ್ತುವಾಗ ಅವಳಿಗೆ ಬಿಸಿಯೇ ಹತ್ತುತ್ತಿರಲಿಲ್ಲ. ಮೇಷ್ಟ್ರಿಗೆ ವರ್ಗವಾಗಿ ಗಿಟಾರು ಹೋದ ದಿನ ಅವಳು ಉಣ್ಣಲಿಲ್ಲ. ಕಾಕಾ ಹಳೆಯ ಪೇಪರಿನ ಮೇಲೆ ಅದರ ಅಂಚನ್ನೆಲ್ಲ ಪೆನ್ಸಿಲಿನಿಂದ ಗೀರಿಟ್ಟುಕೊಂಡಿದ್ದ. ಆ ಪೇಪರನ್ನು ಅವಳ ತಾಟಿನ ಪಕ್ಕದಲ್ಲಿ ಹರವಿ, “ಅದು ಹೋದ್ರ ಹೋಗ್ಲಿ ಬಿಡವ್ವಾ. ನಿನ್ನ ಹೆಸರಲೆ ನಾ ಒಂದು ಮಾಡ್ತೀನಿ,” ಅಂದ. ಆಗ ಅವಳು ರೊಟ್ಟಿ ಮುರಿದಳು.

ಒಂದೂವರೆ ವರ್ಷ ಹಿಡಿಯಿತು. ಬೆನ್ನಿಗೆ ಮತ್ತು ಪಕ್ಕಕ್ಕೆ ಒಂದು ಹಳೆಯ ಮಂಚದ ಬೀಟೆ. ಎದೆಯ ಹಲಗೆಗೆ, ಯಾವುದೋ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆಯ ದೇವದಾರು. ಆ ಹಲಗೆಯಲ್ಲಿ ಹುಣಸೆಬೀಜದಷ್ಟು ಒಂದು ಕಪ್ಪು ಗಂಟಿತ್ತು. ಅದನ್ನು ಬಿಟ್ಟು ಕೊಯ್ಯೋಣವೆಂದ ಕಾಕಾ, ಇರಲಿ ಎಂದಳು ಅಕ್ಕ. ಪಕ್ಕದ ಪಟ್ಟಿಗಳನ್ನು ನೀರಲ್ಲಿ ನೆನೆಸಿ, ಕೆಂಡ ತುಂಬಿದ ಕಬ್ಬಿಣದ ಕೊಳವೆಯ ಮೇಲೆ ಎಳೆದೆಳೆದು ಬಗ್ಗಿಸಿದರು. ನಾಲ್ಕು ಮುರಿದವು, ಐದನೆಯದು ಬಗ್ಗಿತು. ಉಜ್ಜುವುದು ಮಾತ್ರ ಪೂರಾ ಅಕ್ಕನದೇ ಕೆಲಸ. ಕಾಲೇಜಿನಿಂದ ಬಂದವಳೇ ಸೆರಗು ಸಿಕ್ಕಿಸಿ ಕಾಚಪೇಪರ್ ಹಿಡಿದು ಕೂರುತ್ತಿದ್ದಳು. ಒದ್ದೆ ಅರಿವೆಯಿಂದ ಒರೆಸಿದರೆ ಕಟ್ಟಿಗೆಯ ಮೈಮೇಲೆ ಸಣ್ಣ ರೋಮ ಏಳುತ್ತದೆ, ಒಣಗಿದ ಮೇಲೆ ಅದನ್ನು ಉಜ್ಜಿ ಮಲಗಿಸಬೇಕು, ಮತ್ತೆ ಒದ್ದೆ ಮಾಡಬೇಕು, ಮತ್ತೆ ಉಜ್ಜಬೇಕು. “ಕರುವಿನ ಮೈ ಇದ್ದಂಗ ಐತಿ ಇದು. ಉಲ್ಟಾ ಕೈ ಆಡಿಸಿದ್ರ ಸಿಟ್ಟಿಗೇಳ್ತೈತಿ,” ಎನ್ನುತ್ತಿದ್ದ ಕಾಕಾ. ಕೊನೆಕೊನೆಗೆ ಅವಳು ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ, ಎಲ್ಲಿ ಇನ್ನೂ ಒರಟಿದೆಯೆಂದು ಹೇಳುತ್ತಿದ್ದಳು. ಬಣ್ಣವಿಲ್ಲದ ಬರೀ ಕಟ್ಟಿಗೆಗೇ ತಂತಿ ಕಟ್ಟಿ ಬಾರಿಸಿದಾಗ ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಸಂಕ್ರಮಣ ಆದ ಮೇಲೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಬಾರಿಸುವುದೆಂದು ಗೊತ್ತಾಗಿತ್ತು. ಹೆಸರನ್ನೂ ಕೊಟ್ಟಾಗಿತ್ತು.

ಇನ್ನು ಬಣ್ಣ. ಕೈಯಿಂದ ತಿಕ್ಕುವ ಅರಗಿನ ಪಾಲಿಶಿನಲ್ಲಿ ಕಾಕಾನನ್ನು ಮೀರಿಸುವವರು ಇರಲಿಲ್ಲ. ಆದರೆ ಇದನ್ನು ಎದೆಗೆ ಅವಚಿ ಬಾರಿಸಬೇಕು, ನಮ್ಮೂರ ಬೇಸಿಗೆಯ ಬೆವರಿಗೆ ಅರಗು ಅಂಟಂಟಾಗುತ್ತದೆ, ನೀರು ಬಿದ್ದಲ್ಲಿ ಬೆಳ್ಳಗಾಗುತ್ತದೆ. ಕುಂಚದಿಂದ ಹಚ್ಚಿದರೆ ದಪ್ಪವಾಗಿ ದನಿಯೇ ಕಟ್ಟಿಹೋಗುತ್ತದೆ. ಅದಕ್ಕೆ ಲ್ಯಾಕರೇ ಆಗಬೇಕು, ಅದನ್ನೂ ಗಾಳಿಯ ಗನ್ನಿನಿಂದ ತೆಳ್ಳಗೆ ಹೊಡೆಯಬೇಕು ಎಂದು ಕಾಕಾ ಸೊಲ್ಲಾಪುರದಿಂದ ಒಂದು ಡಬ್ಬಿ ತಿಳಿ ಲ್ಯಾಕರ್ ತರಿಸಿದ. ಅದರ ಕೆಳಗೆ ಕಟ್ಟಿಗೆಗೆ ಯಾವ ಬಣ್ಣ ಕೊಡುವುದು ಎನ್ನುವುದೇ ಒಂದು ತಿಂಗಳ ವಿಚಾರವಾಯಿತು. ದೇವದಾರಿನ ತುಂಡುಗಳಿಗೆ ಅಕ್ಕ ಅರಿಷಿಣದ ನೀರು ಹಚ್ಚಿದಳು, ಕಾಚಿನ ನೀರು ಹಚ್ಚಿದಳು, ಚಹಾದ ಗಟ್ಟಿ ಡಿಕಾಕ್ಷನ್ ಹಚ್ಚಿದಳು. ಒಂದಕ್ಕೆ ನಡುವೆ ಹಳದಿ, ಅಂಚಿಗೆ ಕಪ್ಪು ಬರುವಂತೆ ಮಾಡಿದಳು. ಎಲ್ಲಕ್ಕೂ ಅರ್ಧಕ್ಕೆ ಕಾಗದ ಸುತ್ತಿ ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಇಟ್ಟಳು. ಅವ್ವ ಕಿಟಕಿಯಲ್ಲಿ ಉಪ್ಪಿನಕಾಯಿಯ ಭರಣಿಗೆ ಜಾಗವಿಲ್ಲವೆಂದು ದಿನವೂ ಗೊಣಗಿದಳು. ಹದಿನೈದು ದಿನಕ್ಕೆ ಕಾಗದ ಬಿಚ್ಚಿದರೆ ಅರಿಷಿಣ ಸುಣ್ಣದಂತಾಗಿತ್ತು, ಕಾಚು ಕಂದಿತ್ತು, ಚಹಾ ಮಾತ್ರ ಹಾಗೇ ಇತ್ತು. ಅದರ ಮೇಲೆ ತಿಳಿ ಲ್ಯಾಕರ್ ಬಿದ್ದಾಗ ಜೇನುತುಪ್ಪವನ್ನು ಬೆಳಕಿಗೆ ಹಿಡಿದಂತೆ ಎಳೆ ಎಳೆಯೂ ಕಂಡಿತು. ಅಕ್ಕ ಆ ತುಂಡಿನ ಬೆನ್ನಿಗೆ ಹೆಬ್ಬೆಟ್ಟು ಒತ್ತಿದಳು. ಕಾಕಾನೇ ಅದನ್ನು ಮೊಳೆಗೆ ತೂಗುಹಾಕಿದ.

ಗನ್ನು ಇದ್ದದ್ದು ಟಿಕೋಟಿಯಲ್ಲಿ, ದಸ್ತಗೀರ ಮಾಮಾನ ತಗಡಿನ ಶೆಡ್ಡಿನಲ್ಲಿ. ಅವರು ಲಾರಿಗಳಿಗೆ ಬಣ್ಣ ಹೊಡೆಯುವವರು, ಹಿಂದಿನ ಹಲಗೆಯ ಮೇಲೆ ಗುಲಾಬಿ ಬರೆಯುವುದರಲ್ಲಿ ದೊಡ್ಡ ಹೆಸರು. ಒಮ್ಮೆ ಮೊದಲೇ ಹೋಗಿ ತುಂಡುಗಳ ಮೇಲೆ ಹೊಡೆದು ನೋಡಿಕೊಂಡು ಬಂದೆವು. ಕೈ ಮೊದಲು ಓಡಬೇಕು, ಆಮೇಲೆ ಗನ್ನಿನ ಕುದುರೆ ಒತ್ತಬೇಕು; ಅಂಚು ದಾಟಿದ ಮೇಲೆ ಬಿಡಬೇಕು; ಎಲ್ಲಿ ನಿಂತೆಯೋ ಅಲ್ಲಿ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ ಎಂದು ಮಾಮಾ ಹೇಳಿಕೊಟ್ಟರು. ಅಕ್ಕ ಗನ್ನಿಗೆ ನೀರು ತುಂಬಿಸಿಕೊಂಡು ಶೆಡ್ಡಿನ ಗೋಡೆಗೆ ಹೊಡೆದು ಹೊಡೆದು ಅರ್ಧ ದಿನದಲ್ಲಿ ಕೈ ಕೂಡಿಸಿಬಿಟ್ಟಳು. “ಇಕೀನ ನನ್ನ ಕಡೆ ಬಿಟ್ಟು ಹೋಗ್ರಿ ಕಾಳಪ್ಪಣ್ಣಾ. ನನ್ನ ಮಕ್ಕಳು ಹತ್ತ ವರ್ಷ ಆತು, ಇನ್ನಾ ಗೋಡಿಗೇ ಸರಿಯಾಗಿ ಹೊಡ್ಯಾಕ ಬಲ್ಲಂಗಿಲ್ಲ,” ಎಂದು ಮಾಮಾ ನಕ್ಕರು. ಬೆಳಗಿನ ಹೊತ್ತೇ ಬರಬೇಕು, ಹನ್ನೊಂದಕ್ಕೆ ಘೋಣಸಗಿಯ ಕಡೆಯಿಂದ ಗಾಳಿ ಎದ್ದರೆ ಹೊಲದ ಧೂಳೆಲ್ಲ ಹಸಿಬಣ್ಣದ ಮೇಲೆ ಕೂರುತ್ತದೆ ಎಂದು ಹೇಳಿ ಕಳಿಸಿದರು.

ಆ ನಡುವೆ ಮನೆಗೆ ಮಂದಿ ಬಂದರು. ಮೊದಲು ಬಬಲೇಶ್ವರದ ಪತ್ತಾರರ ಮನೆಯ ಹಿರಿಯ ದಂಪತಿ, ತಲೆಬಾಗಿಲು ಮಾಡಿಸಬೇಕೆಂದು. ವಾರದ ಮೇಲೆ ಅವರ ಮಗ ಒಬ್ಬನೇ ಬಂದ. ಕಿವಿ ಮುಚ್ಚುವ ಕೂದಲು, ನೆಲ ಗುಡಿಸುವ ಬೆಲ್‌ಬಾಟಮ್. ಗಿಟಾರ್ ಮಾಡಿದ್ದಾರೆಂದು ಕೇಳಿದೆ, ನೋಡಿಹೋಗೋಣವೆಂದು ಬಂದೆ ಅಂದ. ಕಾಕಾ ಅಕ್ಕನನ್ನು ಕರೆದು ಬಾರಿಸಿ ತೋರಿಸಲು ಹೇಳಿದ. ಅವಳು ಉಜ್ಜುವ ಧೂಳಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೂರು ಹಾಡು ಬಾರಿಸಿದಳು. ಅವನು ತಾನೂ ಹಿಡಿದು ನೋಡುತ್ತೇನೆಂದಾಗ, ಹಾಗೆ ಹಿಡಿದರೆ ಕುತ್ತಿಗೆ ಹಿಚುಕಿದಂತಾಗುತ್ತದೆ ಎಂದು ನಕ್ಕು ಬೆರಳು ಕೂರಿಸಿ ತೋರಿಸಿದಳು. ಬಾಗಿಲು ಮಾಡಿಸುವವರ ಮಗನಿಗೆ ಅವ್ವ ಯಾಕೆ ಸಜ್ಜಕದಂಥ ಸಿಹಿ ಮಾಡಿದಳು, ಎಂದೂ ಹೊತ್ತಿಗೆ ಮೊದಲು ಕೆಲಸ ಬಿಡದ ಅಪ್ಪ ಆ ದಿನ ಯಾಕೆ ಅಂಗಿ ಬದಲಿಸಿ ಬಂದು ಕುಳಿತ, ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅವನು ನೋಡಲು ಬಂದದ್ದು ಗಿಟಾರನ್ನೇ ಎಂದು ಅಕ್ಕ ನಂಬಿದ್ದಳು. ಅಷ್ಟು ಬಿಚ್ಚುಮನಸ್ಸಿನಿಂದ ಅವಳು ಬಾರಿಸಿದ್ದನ್ನು ನಾನು ಆಮೇಲೆ ಎಂದೂ ಕೇಳಲಿಲ್ಲ.

ಈಗ ನನ್ನ ಪಾಲಿನದನ್ನು ಹೇಳಬೇಕು. ಬಾಗಿಲಿನ ಅಳತೆಗೆಂದು ಕಾಕಾ ಬಬಲೇಶ್ವರಕ್ಕೆ ಹೋಗಿಬಂದ ಸಂಜೆ, ಅವನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಾಗ ನಾನು ಅವನ ಕೈಚೀಲಕ್ಕೆ ಕೈ ಹಾಕಿದೆ. ಜೈನಾಪುರದ ಹಾದಿಯಲ್ಲಿ ಯಾರೋ ಪೇರಲ ಮಾರುತ್ತಿದ್ದರು, ಅವನು ಎಂದೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಪೇರಲದ ಕೆಳಗೆ ಕಾಗದದ ಪೊಟ್ಟಣ ಇತ್ತು. ಬಿಚ್ಚಿದೆ. ನಮ್ಮದೇ ದೇವದಾರಿನ ತುಂಡು. ಮೇಲೆ ಎಳೆ ಒಂದೂ ಕಾಣದಂತೆ ಕಡುಗೆಂಪು ಬಣ್ಣ. ತಿರುವಿದರೆ ಬೆನ್ನಿಗೆ ಹೆಬ್ಬೆಟ್ಟು, ಹೊಸದು, ಅಕ್ಕನದಕ್ಕಿಂತ ಎರಡು ಪಟ್ಟು ಅಗಲ. ಅದು ಏನು ಹೇಳುತ್ತದೆಂದು ನಮ್ಮ ಮನೆಯಲ್ಲಿ ಬೆಳೆದ ಯಾರಿಗಾದರೂ ಗೊತ್ತಾಗಬೇಕು, ನನಗೂ ಗೊತ್ತಾಯಿತು: ಗಿಟಾರು ಇನ್ನು ಅಕ್ಕನದಲ್ಲ. ಕಾಕಾ ಹಿಂದೆ ಬಂದು ನಿಂತಿದ್ದ. ಅವನು ಬೈಯಲಿಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಸುಮಿ, ಇದನ್ನ ಅಕ್ಕಗ ಹೇಳಬ್ಯಾಡ. ಅಕಿ ಒಳ್ಳೇದಕ್ಕಽ ಐತಿ. ತಿಳದ ಮ್ಯಾಲೆ ಖುಷಿ ಆಗ್ತಾಳ,” ಅಂದ. ದೊಡ್ಡವರು ನನ್ನ ಕೈಯಲ್ಲಿ ಗುಟ್ಟು ಕೊಟ್ಟದ್ದು ಅದೇ ಮೊದಲು. ನಾನು ಹಿಗ್ಗಿದೆ. ಅಕ್ಕನ ಪಕ್ಕದಲ್ಲೇ ಮಲಗುತ್ತಿದ್ದವಳು ಹನ್ನೆರಡು ದಿನ ಅದನ್ನು ಬಾಯಲ್ಲಿ ಇಟ್ಟುಕೊಂಡೆ.

ಆ ದಿನಗಳಲ್ಲೇ ಅಕ್ಕ ಇಡೀ ಗಿಟಾರಿಗೆ ಚಹಾದ ಬಣ್ಣ ಕೊಟ್ಟಳು. ಹಳೆಯ ಧೋತರದ ಮೆತ್ತನೆಯ ಚೂರನ್ನು ಅದ್ದಿ, ಎಳೆಯ ಗುಂಟ, ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಹುಣಸೆಬೀಜದ ಗಂಟಿನ ಸುತ್ತ ಬಣ್ಣ ತಾನಾಗಿಯೇ ಉಂಗುರದಂತೆ ಕೂತಿತು. ಕರೆದು ಕರೆದು ಎಲ್ಲರಿಗೂ ತೋರಿಸಿದಳು. ಆ ಎರಡು ದಿನ ಕಾಕಾ ಪಡಸಾಲೆಗೆ ಕಾಲಿಡಲಿಲ್ಲ, ಅಡ್ಡಾದಿಡ್ಡಿ ಏನೇನೋ ಕೆಲಸ ಹೇಳಿಕೊಂಡು ಪೇಟೆಯಲ್ಲೇ ತಿರುಗಿದ. ಅವನು ಆಗ ಒಂದು ಮಾತು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು.

ಸಂಕ್ರಮಣಕ್ಕೆ ಇನ್ನೂ ಎಂಟು ದಿನ ಇರುವಾಗ, ನಸುಕಿನ ಬಸ್ಸಿಗೆ ಮೂವರೂ ಟಿಕೋಟಿಗೆ ಹೊರಟೆವು. ಚಳಿಗೆ ಬಾಯಲ್ಲಿ ಹೊಗೆ ಬರುತ್ತಿತ್ತು. ಅಕ್ಕ ಗಿಟಾರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಲ್ಯಾಕರ್ ಡಬ್ಬಿ ಎಲ್ಲಿ ಎಂದು ಕೇಳಿದಳು. ಐತಿ ಬಾ ಎಂದ ಕಾಕಾ, ಕಿಟಕಿಯ ಹೊರಗೆ ನೋಡುತ್ತ. ದಸ್ತಗೀರ ಮಾಮಾ ನೆಲಕ್ಕೆ ನೀರು ಹೊಡೆದು, ಸುತ್ತ ಒದ್ದೆ ಗೋಣಿ ಇಳಿಬಿಟ್ಟು ಸಜ್ಜಾಗಿದ್ದರು. ತಂತಿ ತೆಗೆದ ಗಿಟಾರಿನ ಕುತ್ತಿಗೆಗೆ ಕಾಗದ ಸುತ್ತಿ, ತೊಲೆಗೆ ತಂತಿ ಕಟ್ಟಿ ನೇತುಹಾಕಿದರು. ಅದು ತನ್ನಷ್ಟಕ್ಕೆ ಮೆಲ್ಲಗೆ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಿರುಗುತ್ತಿತ್ತು. ಬೆಳಗಿನ ಬಿಸಿಲು ತಗಡಿನ ಸಂದಿಯಿಂದ ಬಿದ್ದು ಜೇನಿನ ಬಣ್ಣ ಉರಿದಂತಾಯಿತು. ಅಕ್ಕ ಕೊನೆಯ ಧೂಳು ಒರೆಸುತ್ತಿದ್ದಳು. ಆ ಕಡೆ ಮಾಮಾ, ಕಾಕಾ ಕೊಟ್ಟ ಪೊಟ್ಟಣ ಬಿಚ್ಚಿ, ತುಂಡನ್ನು ಮುಂದೆ ಇಟ್ಟುಕೊಂಡು, ತಮ್ಮ ಡಬ್ಬಿಯ ಕೆಂಪಿಗೆ ಥಿನ್ನರ್ ಬೆರೆಸುತ್ತ ಮಾತಿಗೆ ಶುರುವಿಟ್ಟರು.

“ಅಳಿಯಾರು ಬಾಳ ರಂಗೀನ್ ಅದಾರ ಬಿಡ್ರಿ ಕಾಳಪ್ಪಣ್ಣಾ. ಲಾರಿಗಿ ಸೈತ ಇಷ್ಟು ಕೆಂಪ ಹೊಡದಿಲ್ಲ ನಾ.”

ಅಕ್ಕನ ಕೈ ನಿಂತಿತು. “ಯಾರ ಅಳಿಯಾರು ಮಾಮಾ?”

“ಯಾರ ಅಂದ್ರ? ನಿಮ್ಮಾವರಽ ಬೇಟಿ, ಬಬಲೇಶ್ವರದಾವರು.” ಅವಳು ನಾಚಿಕೊಂಡು ಹಾಗೆ ಕೇಳುತ್ತಿದ್ದಾಳೆಂದು ಮಾಮಾ ತಿಳಿದರು. “ಮದಿವಿಗಿ ಕರೀದಿದ್ರ ಬಿಡಾಂವ ಅಲ್ಲ ನೋಡವಾ ನಾ.”

ಅವಳು ಅರಿವೆಯನ್ನು ಮಡಚಿ ಬೆಂಚಿನ ಮೇಲಿಟ್ಟಳು. ಕೆಂಪು ತುಂಡನ್ನು ಎತ್ತಿಕೊಂಡು ತಿರುವಿ ನೋಡಿದಳು. ಆಮೇಲೆ, ದನಿ ಏರಿಸದೆ, “ಇದು ಯಾರ ಹೆಬ್ಬಟ್ಟು ಕಾಕಾ?” ಅಂದಳು.

ಕಾಕಾ ಕಂಪ್ರೆಸರಿನ ಪಟ್ಟಿಯನ್ನೇ ನೋಡುತ್ತಿದ್ದ. “ನಿಮ್ಮಪ್ಪ ಮಾತ ಕೊಟ್ಟಾನವಾ. ಹಬ್ಬ ಆದ ಮ್ಯಾಲೆ ನಿನಗ ಹೇಳೂಣಂತ...”

“ನನ್ನ ತುಂಡ ಎಲ್ಲಿ ಐತಿ?”

ಕಾಕಾ ಶೆಡ್ಡಿನ ಹೊರಗೆ ನಡೆದ. ಮಾಮಾನಿಗೆ ಆಗ ತಿಳಿಯಿತು. ಕಡ್ಡಿ ಆಡಿಸುವುದನ್ನು ಬಿಟ್ಟು, ಇವತ್ತು ಬೇಡ ಬಿಡಿ, ಇನ್ನೊಂದು ದಿನ ನೋಡೋಣ ಎಂದು ಕಂಪ್ರೆಸರ್ ಬಂದ್ ಮಾಡಲು ಎದ್ದರು. ಅಕ್ಕ ಅವರ ದಾರಿಗೆ ಅಡ್ಡ ಬಂದಳು. “ಬ್ಯಾಡ ಯಾಕ್ರಿ ಮಾಮಾ. ಗಾಳಿ ಏಳೂದ್ರಾಗ ಮುಗೀಬೇಕು. ಗನ್ ಇಲ್ಲೆ ಕೊಡ್ರಿ, ನಾ ಹೊಡೀತೀನಿ.”

ಸೆರಗನ್ನು ಮೂಗಿಗೆ ಸುತ್ತಿ ಕಟ್ಟಿ, ಅವಳು ಹೊಡೆದಳು. ಮೊದಲು ಅಂಚು, ಆಮೇಲೆ ಬೆನ್ನು, ಆಮೇಲೆ ಪಕ್ಕದ ಬಾಗು, ಕೊನೆಗೆ ಎದೆ. ಕೈ ಎಲ್ಲೂ ನಿಲ್ಲಲಿಲ್ಲ. ಮೊದಲ ಸಲ ಹೊಡೆದಾಗ ಜೇನಿನ ಬಣ್ಣ ಕೆಂಪಿನೊಳಗಿಂದ ಇನ್ನೂ ಇಣುಕುತ್ತಿತ್ತು, ಆ ಗಂಟೂ ಕಾಣುತ್ತಿತ್ತು. ಒಣಗಲು ಬಿಟ್ಟು, ನೀರು ಹಾಕಿ ಉಜ್ಜಿ, ಎರಡನೆಯ ಸಲ ಹೊಡೆದಳು. ಗಂಟು ಇದ್ದಲ್ಲಿ ಬರೀ ನೆರಳುಳಿಯಿತು. ಮೂರನೆಯದಕ್ಕೆ ಏನೂ ಉಳಿಯಲಿಲ್ಲ. ಯಾಕೆ ತಾನೇ ಹೊಡೆದಳೆಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಬೇರೆಯವರ ಕೈಯಲ್ಲಿ ಅದರ ಮೇಲೆ ಬಣ್ಣ ಹರಿದು ಇಳಿಯುವುದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲವೇನೋ. ಕಾಕಾನಿಗೆ ತೋರಿಸಬೇಕೆಂದೇ ಇರಬಹುದು. ಅವನು ಹೊರಗೆ ಬೇವಿನ ಮರದ ಬುಡದಲ್ಲಿ ಬೆನ್ನು ಮಾಡಿ ಕುಳಿತಿದ್ದ. ಒಳಗೆ ಗನ್ನಿನ ಉಸಿರು ಬಿಟ್ಟು ಬಿಟ್ಟು ಕೇಳುತ್ತಿತ್ತು. ಮುಗಿದ ಮೇಲೆ ದಸ್ತಗೀರ ಮಾಮಾ ಸುತ್ತಲೂ ಬಗ್ಗಿ ನೋಡಿ, ಒಂದು ಹನಿ ಇಳಿದಿಲ್ಲವೆಂದು ತಮ್ಮೊಳಗೇ ಅಂದುಕೊಂಡರು. ಅವರು ನಗಲಿಲ್ಲ.

ಗಿಟಾರನ್ನು ಒಣಗಲು ಅಲ್ಲೇ ಬಿಟ್ಟು, ತಿರುಗಿ ಬರುವ ಬಸ್ಸಿನಲ್ಲಿ ಕಾಕಾ ಮುಂದೆ ಕುಳಿತ, ನಾವಿಬ್ಬರು ಹಿಂದೆ. ನಾನು ಅಭ್ಯಾಸದಂತೆ ಅಕ್ಕನ ತೋಳಿಗೆ ಒರಗಿದ್ದೆ. ಊರು ಹತ್ತಿರವಾಗುವಾಗ ಅವಳು ಕೇಳಿದಳು, “ನಿನಗ ಗೊತ್ತಿತ್ತೇನು?” ನಾನು ಸುಳ್ಳು ಹೇಳಬಹುದಿತ್ತು. ಹೌದೆಂದು ತಲೆಯಾಡಿಸಿದೆ. ಅವಳು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಈಗ ಇಷ್ಟು ಬರೆಯುತ್ತಿರಲಿಲ್ಲವೇನೋ. ಅವಳು ನನ್ನ ತಲೆಯನ್ನು ಮೆಲ್ಲಗೆ ಎತ್ತಿ, ತಾನು ಕಿಟಕಿಯ ಕಡೆಗೆ ಸರಿದು ಕುಳಿತಳು. ನಡುವೆ ಒಂದು ಗೇಣು ಜಾಗ ಉಳಿಯಿತು.

ಮದುವೆ ಮಾಘದಲ್ಲಾಯಿತು. ಅಪ್ಪನಿಗೆ ಎದುರು ಮಾತಾಡುವ ಮನೆ ಅದಲ್ಲ. ಅವ್ವ, ಹುಡುಗ ಒಳ್ಳೆಯವನು, ಊರು ಹತ್ತಿರ ಎಂದು ಕಣ್ಣೊರೆಸುತ್ತಲೇ ಸಮಾಧಾನ ಹೇಳಿದಳು. ಗ್ಯಾದರಿಂಗಿನ ದಿನ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಸುರಗಿಯ ನೂಲು ಸುತ್ತಿ, ಮದುವೆಯ ನೀರೆರೆಯುತ್ತಿದ್ದರು. ಮದುವೆಯಲ್ಲಿ ಅಳಿಯನಿಗೆ ಕೊ‌ಡುವ ವಸ್ತುಗಳ ಸಾಲಿನಲ್ಲಿ, ಹಿತ್ತಾಳೆಯ ಕೊಡ ಮತ್ತು ಗಾದಿಯ ನಡುವೆ ಗಿಟಾರನ್ನು ಗೋಡೆಗೆ ಒರಗಿಸಿ ಯಾರೋ ಹೂವಿನ ಹಾರ ಹಾಕಿದ್ದರು. ಬಂದವರೆಲ್ಲ ಅದರಲ್ಲಿ ಮುಖ ನೋಡಿಕೊಂಡರು. ಕಾರ್ಖಾನೆಯ ಮಾಲಿನಂತಿದೆ, ಬಣ್ಣ ಯಾರು ಹೊಡೆದದ್ದು ಎಂದು ಬೀಗರಲ್ಲಿ ಒಬ್ಬರು ಕೇಳಿದರು. ಅಕ್ಕ ನಾಲ್ಕು ಮಾರು ದೂರದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಕಾಕಾ ಅವಳ ಕಡೆ ನೋಡಿದ, ಅಪ್ಪನ ಕಡೆ ನೋಡಿದ. “ಟಿಕೋಟಿ ದಸ್ತಗೀರ,” ಅಂದ.

ಭಾವ ಕೆಟ್ಟವನಲ್ಲ, ಈ ಮಾತನ್ನೂ ಬರೆಯಬೇಕು. ಜಾತ್ರೆಗೂ ಪೇಟೆಗೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಗಿಟಾರನ್ನು ಒಂದು ತಿಂಗಳು ಬಾರಿಸಿ, ಬೆರಳು ನೋಯುತ್ತವೆಂದು ರೇಡಿಯೋದ ಮೇಲಿನ ಗೂಟಕ್ಕೆ ಹಾಕಿದ. ಅವತ್ತು ನಿಮ್ಮ ಮನೆಯಲ್ಲಿ ಬಾರಿಸಿದೆಯಲ್ಲ, ಅದನ್ನು ಬಾರಿಸು ಎಂದು ಮೊದಮೊದಲು ಕೇಳುತ್ತಿದ್ದನಂತೆ. ಮರೆತಿದ್ದೇನೆ ಎನ್ನುತ್ತಿದ್ದಳಂತೆ ಇವಳು. ಬಣ್ಣದ ಸಂಗತಿ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಪಂಚಮಿಗೆ ತವರಿಗೆ ಬಂದರೆ ಅಕ್ಕ ಎಲ್ಲರೊಡನೆಯೂ ನಗುತ್ತಿದ್ದಳು, ಕಾಕಾನಿಗೂ ತಾನೇ ಬಡಿಸುತ್ತಿದ್ದಳು. ಮಾತು ಮಾತ್ರ ನನ್ನ ಮೂಲಕ. “ಸುಮಿ, ಕಾಕಾಗ ಕೇಳು, ಇನ್ನೊಂದು ರೊಟ್ಟಿ ಬೇಕೇನಂತ.” ಅವನು ಅವಳ ಎದುರೇ, ಕೈಗೆ ಸಿಗುವಷ್ಟು ದೂರದಲ್ಲಿ ಕುಳಿತಿರುತ್ತಿದ್ದ. ನಾನು ಕೇಳುತ್ತಿದ್ದೆ, ಅವನು ನನಗೆ ಹೇಳುತ್ತಿದ್ದ, ರೊಟ್ಟಿ ಅವಳ ಕೈಯಿಂದ ಬೀಳುತ್ತಿತ್ತು. ಮೊದಲ ಬಸಿರಿನಲ್ಲಿ ಅವಳು ಬಂದಾಗ ಕಾಕಾ ತೊಟ್ಟಿಲು ಮಾಡಿದ. ಪದ್ಧತಿಯಂತೆ ನಾಲ್ಕು ತುಂಡು ಬಣ್ಣ ಹಚ್ಚಿ, ಕಾಡಿಗೆಯ ಬಟ್ಟಲಿನ ಜೊತೆ ನನ್ನ ಕೈಯಲ್ಲಿ ಕೊಟ್ಟು ಕಳಿಸಿದ. ಅವಳು ನಾಲ್ಕನ್ನೂ ಮುಟ್ಟದೆ ತಿರುಗಿ ಕಳಿಸಿ, ಯಾವುದಾದರೂ ಆಗಲಿ ಅನ್ನು ಎಂದಳು. ಹೆಬ್ಬೆಟ್ಟಿಲ್ಲದ ತುಂಡಿನಿಂದ ಅವನು ಎಂದೂ ಬಣ್ಣ ಹಚ್ಚಿದವನಲ್ಲ. ತೊಟ್ಟಿಲನ್ನು ಹಾಗೇ ಬಿಳಿ ಕಟ್ಟಿಗೆಯಾಗಿಯೇ ಬಬಲೇಶ್ವರಕ್ಕೆ ಹೊತ್ತುಕೊಂಡು ಹೋದ. ಅವಳ ಮೂರು ಮಕ್ಕಳೂ ಅದರಲ್ಲೇ ಬೆಳೆದರು.

ಅಪ್ಪ ಹೋದ, ಅವ್ವ ಹೋದಳು. ಮನೆ ಮಾರಿದ ಮೇಲೆ ಅದನ್ನು ಕೆಡವಿ ಅಂಗಡಿಗಳ ಸಾಲು ಎಬ್ಬಿಸಿದರು. ಪಡಸಾಲೆ ಇದ್ದ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಕಾಕಾ ಕೊನೆಯ ಮೂರು ವರ್ಷ ನಮ್ಮ ಹತ್ತಿರವೇ ಜಲನಗರದಲ್ಲಿದ್ದ. ಕಣ್ಣು ಮಂಜಾಗಿತ್ತು. ಬಾಗಿಲು, ಕುರ್ಚಿ, ಕಂಡದ್ದನ್ನೆಲ್ಲ ಅಂಗೈಯಿಂದ ಸವರಿ ನೋಡಿ, ಕೆಲಸ ಸರಿಯಿಲ್ಲ ಎಂದು ತಲೆಯಾಡಿಸುತ್ತಿದ್ದ. ಒಂದು ಮಧ್ಯಾಹ್ನ ಅವನಿಗೆ ಅವಲಕ್ಕಿ ಕೊಟ್ಟು ಪಕ್ಕದಲ್ಲಿ ಕುಳಿತಾಗ, ಅಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿಬಿಟ್ಟೆ. ಅಪ್ಪನಿಗೆ ಬೇಡವೆನ್ನಲು ಆಗಲಿಲ್ಲ, ಸರಿ. ಗಿಟಾರನ್ನು ಯಾಕೆ ಕೊಟ್ಟೆ? ಅವನು ಬಟ್ಟಲನ್ನು ಕೆಳಗಿಟ್ಟ. “ಗಿಟಾರ ಅಕಿ ಹೋಗೂ ಮನೀಗೇ ಹೊಂಟಿತ್ತಲ್ಲವಾ. ಹುಡುಗನ ಹೆಸರಲೆ ಕೊಟ್ರ ಯಾರೂ ಬ್ಯಾಡ ಅನ್ನೂದಿಲ್ಲ, ಅಕಿ ಹೆಸರಲೆ ಕಳಸಿದ್ರ ಅತ್ತಿಮನ್ಯಾಗ ಬಾರಸಾಕ ಬಿಡ್ತಾರೋ ಇಲ್ಲೋ. ಯಾರ ಹೆಸರಲೆ ಇದ್ರೇನು, ಅಕಿ ಕಡೇನಽ ಇರ್ತೈತಿ ಅಂದ್ಕೊಂಡೆ.” ಅವಳಿಗೆ ಮೊದಲೇ ಇಷ್ಟು ಹೇಳಿದ್ದರೆ ಎಂದೆ. ಅವನು ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ಕುಳಿತ. ಆ ಮಳೆಗಾಲದಲ್ಲೇ ಅವನು ತೀರಿಕೊಂಡ. ಅಕ್ಕ ಬಂದು, ಮಾಡಬೇಕಾದ್ದನ್ನೆಲ್ಲ ಮಾಡಿ, ಎಲ್ಲರಿಗಿಂತ ಕೊನೆಗೆ ಎದ್ದು ಹೋದಳು.

ದಿನಕರ್ಮ ಕಳೆದು ತಿಂಗಳಾದ ಮೇಲೆ ನಾನು ಬಬಲೇಶ್ವರಕ್ಕೆ ಹೋದೆ. ಅಕ್ಕ ನಡುಮನೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನೂ ಎದುರು ಕುಳಿತು ಕಲ್ಲು ಆರಿಸುತ್ತ, ಕಾಕಾ ಹೇಳಿದ್ದನ್ನು ಒಂದೂ ಬಿಡದೆ, ಅವನು ಹೇಳಿದ ಹಾಗೆಯೇ ಹೇಳಿದೆ. ಅವಳು ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ಹಾರಿ ಬಾಗಿಲಿನ ಬಿಸಿಲಿನಲ್ಲಿ ಇಳಿಯಿತು.

“ಖರೇ ಐತಿ,” ಅಂದಳು ಆಮೇಲೆ. “ನನ್ನ ಕಡೇನಽ ಇತ್ತು. ದಿನಾ ಧೂಳ ಒರಸಾಕಿ ನಾನಽ ಅಲ್ಲೇನು?”

ನಾನು ತಲೆಯೆತ್ತಿ ಗೋಡೆಯ ಗೂಟದಲ್ಲಿದ್ದ ಗಿಟಾರನ್ನು ನೋಡಿದೆ. ತಂತಿಗಳು ಎಂದೋ ತುಕ್ಕು ಹಿಡಿದು ಉದುರಿ ಹೋಗಿದ್ದವು. ಇಷ್ಟು ಬೇಸಿಗೆ, ಇಷ್ಟು ಚಳಿ ಕಳೆದರೂ ಆ ಕೆಂಪು ಬಣ್ಣ ಮಾತ್ರ ಎಲ್ಲಿಯೂ ಬಿರಿದಿರಲಿಲ್ಲ, ಎಲ್ಲಿಯೂ ಒಂದು ಚೂರು ಸುಲಿದು ಒಳಗಿನದು ಕಾಣುತ್ತಿರಲಿಲ್ಲ. ಅಷ್ಟು ಚೆಂದ ಹೊಡೆದಿದ್ದಳು ಅವಳು.